ಕಬ್ಬಿಣದ ಕಡಲೆಗೆ ನಾಲ್ಕು ತೂತು

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ‘ಕಬ್ಬಿಣದ ಕಡಲೆ’ ಎಂಬ ನುಡಿಗಟ್ಟನ್ನು ಎಷ್ಟು ಹುಡುಗರಿಗೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ‘ಬಹಳ ಕಷ್ಟವಾದದ್ದು’ ಎಂದು ಬರೆದರೆ ಒಂದು ಅಂಕ, ಸ್ವಂತ ವಾಕ್ಯದಲ್ಲಿ ಬಳಸಿದರೆ ಇನ್ನೊಂದು. ಅದರ ನಿಜವಾದ ಅರ್ಥ ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಕಾಕತಿಯ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, 6 ಎಂ.ಎಂ. ದಪ್ಪದ ಉಕ್ಕಿನ ಪಟ್ಟಿಯೊಂದರ ಮುಂದೆ.

ಗೇಟಿನ ಚಿಲಕ ಕಿತ್ತುಹೋಗಿತ್ತು. ಓಣಿಯ ಎಮ್ಮೆಯೊಂದು ದಿನಾ ಸಂಜೆ ಗೇಟು ನೂಕಿಕೊಂಡು ಬಂದು ನನ್ನ ಹೆಂಡತಿಯ ಮೆಂತೆಯ ಮಡಿಯನ್ನು ವಿಚಾರಿಸಿಕೊಂಡು ಹೋಗುತ್ತಿತ್ತು. ಹೊಸ ಚಿಲಕ ಕೂಡಿಸಲು ಪಟ್ಟಿಗೆ 8 ಎಂ.ಎಂ.ನ ನಾಲ್ಕು ತೂತು ಬೇಕು. “ವೆಲ್ಡಿಂಗ್ ಅಂಗಡಿಗೆ ಒಯ್ರಿ, ಹತ್ತು ನಿಮಿಷದ ಕೆಲಸ” ಎಂದಳು ಅವಳು.

ನನಗೆ ಅಭಿಮಾನ ಅಡ್ಡ ಬಂತು. ಹೆದ್ದಾರಿ ಹಿಡಿದು ಹೊರಟರೆ ಪಕ್ಕದಲ್ಲೇ ಹೊನಗಾದ ಕಾರ್ಖಾನೆಗಳು. ಬೆಳಗಾವಿ ದಾಟಿ ಖಾನಾಪುರ ರಸ್ತೆಗೆ ಬಿದ್ದರೆ ಉದ್ಯಮಬಾಗದ ಫೌಂಡ್ರಿಗಳು. ಸುತ್ತ ಇಷ್ಟು ಲೋಹ ಕರಗುವಾಗ ಒಂದು ಪಟ್ಟಿ ನನ್ನೆದುರು ಕರಗದೇ? ಮೇಲಾಗಿ ಇದು 1778ರಲ್ಲಿ ಚೆನ್ನಮ್ಮ ಹುಟ್ಟಿದ ಊರು. 1824ರಲ್ಲಿ ಕಂಪನಿ ಸರ್ಕಾರಕ್ಕೇ ಜಗ್ಗದವಳ ತವರಿನಲ್ಲಿ ಕೂತು ನಾನು ಒಂದು ಪಟ್ಟಿಗೆ ಜಗ್ಗುವುದೇ? ಯೂರೋಪಿನವರು ದಕ್ಷಿಣದ ಉಕ್ಕನ್ನು ‘ವೂಟ್ಜ್’ ಎಂದು ಕರೆದದ್ದು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಎಂದು ಪಂಡಿತರು ಹೇಳುತ್ತಾರೆ. ಪದದ ಮೂಲ ಗೊತ್ತಿದ್ದವನಿಗೆ ಪದಾರ್ಥ ಬಗ್ಗಲೇಬೇಕಲ್ಲ!

ಬಗ್ಗಲಿಲ್ಲ. ಕ್ಯಾಲೆಂಡರ್ ತೂಗುಹಾಕಲೆಂದು ಕೊಂಡಿದ್ದ ಡ್ರಿಲ್ ಮಷೀನಿಗೆ, ಅದರ ಜೊತೆಗೇ ಬಂದಿದ್ದ ಬಿಟ್ ಸಿಕ್ಕಿಸಿ ಒತ್ತಿದೆ. ಶೆಡ್ಡಿನ ತಗಡೆಲ್ಲ ಗದಗುಟ್ಟಿತು. ಪಟ್ಟಿಯ ಮೇಲೆ ಸೊಳ್ಳೆ ಕಚ್ಚಿದಷ್ಟು ಗುರುತು. ಸದ್ದು ಕೇಳಿ ಪಕ್ಕದ ಮನೆಯ ಕಾಕಾ ಬಂದರು. ಅರ್ಧ ಆಯುಷ್ಯ ಉದ್ಯಮಬಾಗದಲ್ಲಿ ಫಿಟ್ಟರ್ ಆಗಿದ್ದವರು.

“ಮಾಸ್ತರ್ರ, ಗ್ವಾಡಿ ಬಿಟ್ ತಗೊಂಡು ಕಬ್ಬಿಣ ಕೊರ್ಯಾಕ ಹೊಂಟೀರಲ್ಲ. ಅದು ಕೊರಿಯಂಗಿಲ್ಲ, ಜಜ್ಜತೈತಿ.”

ಮರುದಿನ ಪೇಟೆಗೆ ಹೋಗಿ, ಅಂಗಡಿಯಲ್ಲಿದ್ದ ಅತಿ ಅಗ್ಗದ 8 ಎಂ.ಎಂ. ಬಿಟ್ ತಂದೆ. ಈ ಬಾರಿ ಅದು ಪಟ್ಟಿಯ ಮೇಲೆ ನಿಲ್ಲಲೇ ಒಲ್ಲದು. ಇಲ್ಲಿಟ್ಟರೆ ಅಲ್ಲಿಗೆ ಜಾರಿ, ಬಳಪ ಸಿಕ್ಕ ಒಂದನೇ ಇಯತ್ತೆಯ ಹುಡುಗನಂತೆ ಪಟ್ಟಿಯ ತುಂಬ ಗೀಚಿತು. ಕೊನೆಗೊಮ್ಮೆ ನಿಂತಿತು. ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಹೊಗೆ ಬಂತು, ಕೀರಲು ದನಿ ಬಂತು, ತೂತು ಮಾತ್ರ ಬರಲಿಲ್ಲ. ತೆಗೆದು ನೋಡಿದರೆ ಬಿಟ್ಟಿನ ತುದಿ ನವಿಲುಕಂಠದ ಬಣ್ಣಕ್ಕೆ ತಿರುಗಿದೆ. ನೋಡಲು ಚಂದವಿತ್ತು ಎನ್ನದಿದ್ದರೆ ಅನ್ಯಾಯವಾದೀತು.

ಕಾಕಾ ಅದನ್ನು ಬೆಳಕಿಗೆ ಹಿಡಿದರು. “ನೀಲಿ ಆತಂದ್ರ 300 ಡಿಗ್ರಿ ಸನೇಕ ಹೋಗೇತಿ. ಸಾದಾ ಉಕ್ಕು ಅಷ್ಟಕ್ಕ ಮೆತ್ತಗಾಗತೈತಿ. ಹೈಸ್ಪೀಡ್ ಬಿಟ್ ಇದ್ರ 600ರ ತನಕಾ ತಾಳತೈತಿ. ಹೆಸರು ಹೈಸ್ಪೀಡ್ ಐತಿ ಅಂತ ನೀವು ಜೋರ್ ಓಡಸಬ್ಯಾಡ್ರಿ ಮತ್ತ.”

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬಿಡಿಸಿದರು. ಮೆತ್ತನೆಯ ಉಕ್ಕಿನ ಮೇಲೆ ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ನಡೆಯಬೇಕು. 8 ಎಂ.ಎಂ. ಬಿಟ್ ಒಂದು ಸುತ್ತಿಗೆ 25 ಎಂ.ಎಂ. ನಡೆಯುತ್ತದೆ. ಅಂದರೆ ನಿಮಿಷಕ್ಕೆ 1000 ಸುತ್ತು ಸಾಕು. ನನ್ನ ಮಷೀನಿನ ಮೇಲೆ 2800 ಎಂದು ಬರೆದಿತ್ತು. ನಾನು ಕುದುರೆ ಬಿಟ್ಟಂತೆ ಬಿಟ್ಟಿದ್ದೆ. ಬಿಟ್ಟಿನ ನಟ್ಟನಡುವಿನ ತುದಿ ಕೊರೆಯುವುದೇ ಇಲ್ಲ, ಬರೀ ಉಜ್ಜುತ್ತದೆ. ಅದಕ್ಕೇ ಮೊದಲು 3 ಎಂ.ಎಂ. ಬಿಟ್ಟಿನಿಂದ ದಾರಿ ಮಾಡಿಕೊಡಬೇಕಂತೆ.

“ಅದಕ್ಕೂ ಮೊದಲ ಸೆಂಟರ್ ಪಂಚ್ ಇಟ್ಟು ಸುತ್ತಿಗಿಲೆ ಒಂದ ಏಟು. ನಿಮ್ಮ ಮನ್ಯಾವ್ರು ಚುಕ್ಕಿ ಇಡಲಾರದ ರಂಗೋಲಿ ಎಳೀತಾರೇನು?”

ಜಾಣ ವಿದ್ಯಾರ್ಥಿಯಂತೆ ತಲೆಯಾಡಿಸಿ ಕೈಗೆ ದಪ್ಪ ಕೈಗವಸು ಏರಿಸಿದೆ. ಕಾಕಾ ಮೊದಲ ಬಾರಿ ದನಿ ಏರಿಸಿದರು. “ತಗೀರಿ ಅದನ್ನ! ತಿರಗೂ ಬಿಟ್ ಅರಬಿ ಹಿಡದ್ರ ಬೆರಳೂ ಬಿಡಂಗಿಲ್ಲ. ಕಣ್ಣಿಗೆ ಚಸ್ಮಾ ಹಾಕ್ರಿ ಸಾಕು.” ನಾನು ಕಾಲಲ್ಲಿ ಮೆಟ್ಟಿ ಹಿಡಿದಿದ್ದ ಪಟ್ಟಿಯನ್ನು ಕಿತ್ತುಕೊಂಡು ವೈಸಿಗೆ ಬಿಗಿದರು. ತೂತು ಆಚೆ ಬೀಳುವ ಗಳಿಗೆಯಲ್ಲಿ ಬಿಟ್ ಕಚ್ಚಿಕೊಂಡು ಪಟ್ಟಿಯನ್ನೇ ಫ್ಯಾನಿನ ರೆಕ್ಕೆಯಂತೆ ತಿರುಗಿಸುತ್ತದಂತೆ.

ಚುಕ್ಕಿ ಇಟ್ಟೆ. ಎಣ್ಣೆ ಬಿಟ್ಟೆ. ಹೊಸ ಹೈಸ್ಪೀಡ್ ಬಿಟ್ ಹಾಕಿ ಒತ್ತಿದೆ. ಮತ್ತೆ ಬರೀ ಸದ್ದು. ಐದು ನಿಮಿಷ ಬೆವರು ಸುರಿಸಿದ ಮೇಲೆ, ಚಹಾ ತಂದಿಟ್ಟ ಹೆಂಡತಿ ಕೇಳಿದಳು: “ಅದು ಉಲ್ಟಾ ತಿರಗಾಕತ್ತೈತಿ ಅಲ್ರೀ?”

ಕಾಕಾ ಚಹಾದ ಬಸಿಯಲ್ಲಿ ಮುಖ ಮರೆಸಿಕೊಂಡರು. ನಾನು ಗುಂಡಿಯನ್ನು ಇತ್ತ ಸರಿಸಿದೆ.

ಆಗ ಬಂತು ನೋಡಿ! ಬಿಟ್ಟಿನ ಎರಡೂ ಬದಿಯಿಂದ ಎರಡು ಸುರುಳಿ ಬಳುಕುತ್ತ ಮೇಲೆದ್ದವು, ಒರಳಿನಿಂದ ಚಕ್ಕುಲಿ ಇಳಿದಂತೆ. ಒತ್ತಡ ಹದವಾಗಿದ್ದರೆ ಸುರುಳಿ, ಬಿಟ್ ಮೊಂಡಾದರೆ ಬರೀ ಪುಡಿ. ಮೈಭಾರ ಹಾಕಿದಾಗ ಮಣಿಯದ ಉಕ್ಕು, ಒಂದು ಚುಕ್ಕಿಗೆ, ನಾಲ್ಕು ಹನಿ ಎಣ್ಣೆಗೆ ಒಲಿದಿತ್ತು. ದಡ್ಡ ಹುಡುಗರೆಂದು ನಾನು ದನಿಯೇರಿಸಿ ಒತ್ತಿದ್ದವರ ಮುಖಗಳು ಒಂದೆರಡು ಯಾಕೋ ನೆನಪಾದವು.

ನಾಲ್ಕು ತೂತಾದವು. ಮೂರಕ್ಕೆ ಬೋಲ್ಟ್ ಸಲೀಸಾಗಿ ಹೊಕ್ಕಿತು. ನಾಲ್ಕನೆಯದು ಎರಡು ಎಂ.ಎಂ. ಆಚೆ. ಕಾಕಾ ಮಾತಾಡದೆ ಗುಂಡನೆಯ ಅರ ತೆಗೆದುಕೊಂಡು ಆ ತೂತನ್ನು ಉಜ್ಜಿ ಉದ್ದ ಮಾಡಿ ಬೋಲ್ಟ್ ಕೂಡಿಸಿದರು. ಎಷ್ಟೋ ಹುಡುಗರಿಗೆ ಕೃಪಾಂಕ ಕೊಟ್ಟವನು ನಾನು. ಪಡೆದದ್ದು ಅದೇ ಮೊದಲು.

ಸಂಜೆ ಬಾಹ್ಯ ಪರೀಕ್ಷಕರು ಬಂದರು. ಕೊಂಬಿನಿಂದ ಗೇಟನ್ನು ಎರಡು ಸಲ ನೂಕಿದರು. ಚಿಲಕವನ್ನು ಮೂಸಿ, ನಾಲ್ಕನೆಯ ಬೋಲ್ಟಿನ ಹತ್ತಿರ ತುಸು ಹೊತ್ತು ಅನುಮಾನದಿಂದ ನಿಂತು, ಮುಂದಿನ ಮನೆಯ ಗೇಟಿಗೆ ನಡೆದರು.