ಅಪ್ಪನ ಜಲವಿದ್ಯುತ್ ಕೇಂದ್ರ

ಶಿವಪುರ, ಮದ್ದೂರು, ಮಳವಳ್ಳಿ ಕಡೆಯ ಯಾವುದೇ ಪ್ರೌಢಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಎಂದರೆ ಗೇಟಿನ ಒಳಗೆ ಮೊದಲು ಬರುವುದು ವಿದ್ಯಾರ್ಥಿಯಲ್ಲ, ಮಾಡೆಲ್ ಅಪ್ಪ. ಬೈಕಿನ ಹಿಂದೆ ಮಗಳು ಕೂತಿರುತ್ತಾಳೆ, ಮಗಳ ತೊಡೆಯ ಮೇಲೆ ಥರ್ಮಕೋಲಿನ ಗುಡ್ಡ ಕೂತಿರುತ್ತದೆ. ಹಂಪ್ ಬಂದಾಗ ಅಪ್ಪ ಹಿಂದೆ ತಿರುಗಿ ವಿಚಾರಿಸುವುದು ಗುಡ್ಡದ ಕ್ಷೇಮವನ್ನು. ಇವನನ್ನು ಗುಂಪಿನಲ್ಲಿ ಗುರುತಿಸುವುದು ಸುಲಭ: ಹೆಬ್ಬೆರಳು ತೋರುಬೆರಳು ಫೆವಿಕ್ವಿಕ್ಕಿನಿಂದ ಅರ್ಧಂಬರ್ಧ ಅಂಟಿರುತ್ತವೆ, ಷರ್ಟಿನ ಜೇಬಿನಲ್ಲಿ ಪೆನ್ನಿರುವ ಕಡೆ ಟೆಸ್ಟರ್ ಇರುತ್ತದೆ, ಪ್ಯಾಂಟಿನ ಜೇಬಿನಲ್ಲಿ ಒಂದು ಹೆಚ್ಚುವರಿ ಬ್ಯಾಟರಿ. ತೀರ್ಪುಗಾರರು ಬರುವ ತನಕ ಮೇಜು ಬಿಟ್ಟು ಕದಲುವುದಿಲ್ಲ. ಬಂದ ಮೇಲೆ ಎರಡೇ ಹೆಜ್ಜೆ ಹಿಂದೆ ಸರಿದು, ಮಗಳು ಬಾಯಿಪಾಠ ಮಾಡಿದ ‘ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಜಡ್ಜಸ್’ ಒಪ್ಪಿಸುವಾಗ ತುಟಿಯನ್ನು ಅವಳ ಜೊತೆಗೇ ಆಡಿಸುತ್ತಾನೆ. ‘ಎಲ್ಲಾ ಅವ್ಳೇ ಮಾಡವ್ಳೆ ಸಾ’ ಎನ್ನುವುದು ಬಹುಮಾನಕ್ಕೆ ಮೊದಲು. ಬಹುಮಾನ ತಪ್ಪಿದರೆ, ‘ಮೂರು ರಾತ್ರಿ ನಿದ್ದೆಗೆಟ್ಟಿವ್ನಿ, ಇವ್ರಿಗೇನ್ ಗೊತ್ತದೆ’ ಎನ್ನುವುದು ಆಮೇಲೆ.

ಗುಡ್ಡ ಯಾವುದು ಎಂದು ಕೇಳಬೇಕಾಗಿಲ್ಲ. ಈ ಸೀಮೆಯ ಮಾಡೆಲ್ ಅಪ್ಪನಿಗೆ ಭೌತಶಾಸ್ತ್ರ ಎಂದರೆ ಶಿವನಸಮುದ್ರ. ಮಳವಳ್ಳಿ ತಾಲ್ಲೂಕಿನ ಆ ಕೇಂದ್ರ 1902ರಲ್ಲಿ ಕಾವೇರಿಯ ನೀರನ್ನು ನೂರು ಮೀಟರಿಗೂ ಮಿಕ್ಕಿದ ಎತ್ತರದಿಂದ ಇಳಿಸಿ, ಹುಟ್ಟಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಮುಟ್ಟಿಸಿತು. ಅಪ್ಪನ ಕೇಂದ್ರದಲ್ಲಿ ನೀಲಿ ಬಣ್ಣ ಬಳಿದ ಜಲಪಾತ, ಬಾಟಲಿಯಿಂದ ಇಳಿಯುವ ನೀರು, ಐಸ್‌ಕ್ರೀಂ ಕಡ್ಡಿಯ ಚಕ್ರ, ಕೊನೆಗೆ ಝಗ್ಗನೆ ಉರಿಯುವ ಎಲ್‌ಇಡಿ. ಬಾಟಲಿ ಖಾಲಿಯಾದ ಮೇಲೂ ಎಲ್‌ಇಡಿ ಉರಿಯುತ್ತಲೇ ಇರುತ್ತದೆ, ಏಕೆಂದರೆ ಗುಡ್ಡದ ಹೊಟ್ಟೆಯಲ್ಲಿ ಒಂಬತ್ತು ವೋಲ್ಟಿನ ಬ್ಯಾಟರಿ ಅಡಗಿ ಕೂತಿದೆ. ದುಃಖದ ಸಂಗತಿ ಎಂದರೆ ಈ ಕಳ್ಳತನದ ಅಗತ್ಯವೇ ಇರಲಿಲ್ಲ. ಒಂದು ಲೀಟರ್ ನೀರು ಅರ್ಧ ಮೀಟರ್ ಎತ್ತರದಿಂದ ಬಿದ್ದರೆ ಸುಮಾರು ಐದು ಜೂಲ್ ಶಕ್ತಿ ಸಿಗುತ್ತದೆ. ಕೆಂಪು ಎಲ್‌ಇಡಿ ಮಂದವಾಗಿ ಉರಿಯಲು ಸೆಕೆಂಡಿಗೆ ಬೇಕಾದದ್ದು ಜೂಲಿನ ಐವತ್ತನೇ ಒಂದು ಭಾಗ. ಚಕ್ರ, ಘರ್ಷಣೆ, ಆಟಿಕೆ ಮೋಟಾರು ಎಲ್ಲ ಸೇರಿ ನೂರಕ್ಕೆ ತೊಂಬತ್ತು ಪಾಲು ನುಂಗಿದರೂ ಇಪ್ಪತ್ತು ಸೆಕೆಂಡಿಗೆ ಮೀರಿ ಬೆಳಕು ಬರಬೇಕು. ಬರುವುದಿಲ್ಲ, ಏಕೆಂದರೆ ಕೊರತೆ ಶಕ್ತಿಯದಲ್ಲ, ವೋಲ್ಟೇಜಿನದು. ಸುಮಾರು 1.8 ವೋಲ್ಟ್ ಮುಟ್ಟದೆ ಕೆಂಪು ಎಲ್‌ಇಡಿ ಕಣ್ಣು ಬಿಡುವುದಿಲ್ಲ. ನಿಧಾನ ತಿರುಗುವ ಆಟಿಕೆ ಮೋಟಾರು ಅಷ್ಟು ಕೊಡುವುದಿಲ್ಲ. ದೊಡ್ಡ ಚಕ್ರದಿಂದ ಮೋಟಾರಿನ ಸಣ್ಣ ಚಕ್ರಕ್ಕೆ ರಬ್ಬರ್ ಬ್ಯಾಂಡ್ ಹಾಕಿ ವೇಗ ಹೆಚ್ಚಿಸಿದರೆ ದಾರಿ ತೆರೆಯುತ್ತದೆ. ಮಗಳು ಕಲಿಯಬೇಕಿದ್ದ ಪಾಠವೆಲ್ಲ ಇದ್ದದ್ದು ಆ ಉರಿಯದ ಎಲ್‌ಇಡಿಯಲ್ಲಿ. ಅಪ್ಪ ಅದನ್ನು ಉರಿಸಿ ಪಾಠ ಆರಿಸಿಬಿಟ್ಟ.

ಹಾಗಂತ ಇವನನ್ನು ಮೋಸಗಾರ ಎಂದು ಬಯ್ಯುವುದು ಅನ್ಯಾಯ. ಈತ ಅಂಕದ ಹಾಳೆಯ ಕೂಸು. ತೀರ್ಪುಗಾರರಿಗೆ ಹತ್ತಾರು ಮೇಜು, ಒಂದೊಂದಕ್ಕೆ ನಾಲ್ಕೈದು ನಿಮಿಷ, ಮಧ್ಯಾಹ್ನ ಊಟದೊಳಗೆ ಪಟ್ಟಿ ಕೊಡಬೇಕು. ಆ ಗಡಿಬಿಡಿಯಲ್ಲಿ ಉರಿಯುವ ಬಲ್ಬು ಕಾಣುತ್ತದೆ, ಉರಿಯದ ಬಲ್ಬಿನ ಹಿಂದಿನ ಯೋಚನೆ ಕಾಣುವುದಿಲ್ಲ. ಮನೆಯಲ್ಲಿ ಮಾಡಿ ತಂದದ್ದಕ್ಕೆ ಬಹುಮಾನ ಎಂದಮೇಲೆ ಮನೆಯಲ್ಲಿ ಇರುವವರೆಲ್ಲ ಸ್ಪರ್ಧಿಗಳೇ. ನಿಯಮ ಬದಲಾದರೆ ಮಾಡೆಲ್ ಅಪ್ಪ ತಾನಾಗಿ ನಿರುದ್ಯೋಗಿಯಾಗುತ್ತಾನೆ ಎಂಬುದಕ್ಕೆ ಸಾಕ್ಷಿ ಇದೆ. 1967ರಲ್ಲಿ ವಾರ್ಸಾದಲ್ಲಿ ಶುರುವಾದ ಅಂತರರಾಷ್ಟ್ರೀಯ ಭೌತಶಾಸ್ತ್ರ ಒಲಿಂಪಿಯಾಡಿನಲ್ಲಿ ಲಿಖಿತ ಭಾಗಕ್ಕೆ 30 ಅಂಕ, ಪ್ರಯೋಗಕ್ಕೆ 20. ಭಾರತ 1998ರಿಂದ ಭಾಗವಹಿಸುತ್ತಿದೆ, 2015ರಲ್ಲಿ ಮುಂಬೈಯಲ್ಲೇ ಅದು ನಡೆಯಿತು. ಪ್ರಯೋಗದ ದಿನ ಹುಡುಗರು ಮೊದಲು ಕಂಡಿರದ ಸಲಕರಣೆ ಎದುರಿಗಿಟ್ಟು, ಐದು ಗಂಟೆ ಕೊಟ್ಟು, ಅಳೆದು ತೋರಿಸಿ ಎನ್ನುತ್ತಾರೆ. ಪ್ರಶ್ನೆಪತ್ರಿಕೆ ಮೊದಲೇ ನೋಡುವ ತಂಡದ ಮಾರ್ಗದರ್ಶಕರಿಗೂ ವಿದ್ಯಾರ್ಥಿಗಳಿಗೂ ಬೇರೆ ಬೇರೆ ಬಿಡಾರ, ನಡುವೆ ಫೋನು ಕೂಡ ಇಲ್ಲ. ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡ ನಮ್ಮ ನಾಯಕ ಅಲ್ಲಿ ಇನ್ಯಾವುದೋ ಹೋಟೆಲಿನ ಕೋಣೆಯಲ್ಲಿ, ಉರಿಯುತ್ತಿರುವ ಟ್ಯೂಬ್‌ಲೈಟನ್ನೇ ರಿಪೇರಿ ಮಾಡುತ್ತ ಕೂತಿರಬೇಕಾಗುತ್ತದೆ.

ನಮ್ಮ ಶಾಲೆಗಳಲ್ಲೂ ಹೀಗೇ ಸ್ಥಳದಲ್ಲೇ ಅಳೆಸೋಣ ಎಂದರೆ, ‘ಒಲಿಂಪಿಯಾಡ್ ಪೇಟೆಯ ಮಾತು, ಹಳ್ಳಿ ಶಾಲೆಯಲ್ಲಿ ಸಲಕರಣೆ ಎಲ್ಲಿದೆ’ ಎಂಬುದು ಮೊದಲ ಆಕ್ಷೇಪ. ಥರ್ಮಕೋಲು, ಬಣ್ಣ, ಮಿಣುಕು ದೀಪದ ಸರ ಇವಕ್ಕೆ ಸುರಿಯುವ ದುಡ್ಡಿನಲ್ಲಿ ಇಡೀ ತರಗತಿಗೆ ದಾರ, ಕಲ್ಲು, ಅಳತೆ ಪಟ್ಟಿ ಬರುತ್ತವೆ. ಒಂದು ಮೀಟರ್ ಉದ್ದದ ಲೋಲಕ ಹೋಗಿ ಬರಲು ಸರಿಸುಮಾರು ಎರಡು ಸೆಕೆಂಡು ತೆಗೆದುಕೊಳ್ಳುತ್ತದೆ. ತುದಿಯಲ್ಲಿ ಏನು ತೂಗುತ್ತಿದೆ ಎಂಬುದರ ಹಂಗು ಅದಕ್ಕಿಲ್ಲ. ಮದ್ದೂರು ವಡೆ ಕಟ್ಟಿದರೂ ಅಷ್ಟೇ, ಎಣ್ಣೆ ಬಸಿದ ವಡೆಯಾದರೂ ಅಷ್ಟೇ. (ಉದ್ದಿನ ವಡೆಗೆ ತೂತಿರುವುದರಿಂದ ಅದೇ ಅನುಕೂಲ ಎನ್ನುವವರಿದ್ದಾರೆ. ಇದು ತಾಲ್ಲೂಕಿನ ಮರ್ಯಾದೆಯ ಪ್ರಶ್ನೆ, ಭೌತಶಾಸ್ತ್ರದ್ದಲ್ಲ.) ಎರಡನೇ ಆಕ್ಷೇಪಕ್ಕೆ ತೂಕ ಹೆಚ್ಚು: ಶಾಲೆಯ ಮೆಟ್ಟಿಲು ಅರ್ಧಕ್ಕೇ ಇಳಿದವನು ಮಗಳಿಗಾಗಿ ಟರ್ಬೈನು ಕಲಿಯುತ್ತಾನೆ, ಇದರಲ್ಲಿ ತಪ್ಪೇನು? ಏನೂ ಇಲ್ಲ. ಆ ಮೂರು ರಾತ್ರಿಯಲ್ಲಿ ಮನೆಯಲ್ಲಿ ನಿಜಕ್ಕೂ ಭೌತಶಾಸ್ತ್ರ ಕಲಿತವನು ಅವನೊಬ್ಬನೇ. ಆದ್ದರಿಂದ ಪಾಲಕರ ವಿಭಾಗ ಎಂದು ಬೇರೆಯೇ ಒಂದು ತೆರೆದು, ಅವನಿಗೆ ಶಾಲು, ಫಲಕ, ಹಾರ ಕೊಡುವುದು ನ್ಯಾಯ. ಪ್ರೌಢಶಾಲಾ ವಿಭಾಗದ ಪ್ರಮಾಣಪತ್ರದಲ್ಲಿ ಮಾತ್ರ ಮಗಳ ಹೆಸರಿದ್ದರೆ ಕೈಯೂ ಮಗಳದೇ ಆಗಿರಬೇಕು. 1938ರ ಏಪ್ರಿಲ್‌ನಲ್ಲಿ ಇದೇ ಶಿವಪುರದಲ್ಲಿ ನಿಷೇಧಾಜ್ಞೆ ಮೀರಿ ಧ್ವಜ ಹಾರಿಸಿ ಬಂಧನಕ್ಕೊಳಗಾದ ಟಿ. ಸಿದ್ಧಲಿಂಗಯ್ಯನವರು, ‘ಹಗ್ಗ ನಮ್ಮಪ್ಪ ಎಳೀತಾರೆ, ನಾನು ಪಕ್ಕದಲ್ಲಿ ನಿಂತು ವಿವರಿಸ್ತೀನಿ’ ಎನ್ನಲಿಲ್ಲ.

ಉಳಿದದ್ದು ಸಂಶಯಪಿಶಾಚಿಗಳ ಆಕ್ಷೇಪ: ಸಲಕರಣೆ ಸ್ಥಳದಲ್ಲೇ ಕೊಟ್ಟರೂ ಈತ ಬಿಡುವವನಲ್ಲ, ಹಿಂದಿನ ವರ್ಷದ ಪ್ರಯೋಗ ಪತ್ತೆಹಚ್ಚಿ ಉತ್ತರ ಉರು ಹೊಡೆಸುತ್ತಾನೆ, ಮಂಡ್ಯದಲ್ಲಿ ಪ್ರಯೋಗಕ್ಕೂ ಟ್ಯೂಷನ್ ಹುಡುಕುತ್ತಾನೆ. ಖಂಡಿತ ಹುಡುಕುತ್ತಾನೆ. ಇವನ ಉತ್ಸಾಹಕ್ಕೆ ಶಕ್ತಿ ಸಂರಕ್ಷಣೆಯ ನಿಯಮ ಅನ್ವಯಿಸುತ್ತದೆ, ಅದು ನಾಶವಾಗುವುದಿಲ್ಲ. ಆದರೆ ಉರು ಹೊಡೆದ ಉತ್ತರಕ್ಕೆ ಒಂದು ರೋಗವಿದೆ, ಅದು ಬಹಳ ನಯ. ಕೈಯಿಂದ ಅಳೆದ ಅಳತೆ ಎಂದೂ ನಯವಾಗಿರುವುದಿಲ್ಲ. ಗಡಿಯಾರದ ಗುಂಡಿ ಒತ್ತುವ ಬೆರಳು ಒಮ್ಮೆ ಮುಂಚೆ, ಒಮ್ಮೆ ತಡ. ಮೀಟರ್ ಉದ್ದದ ಲೋಲಕವನ್ನು ಇಪ್ಪತ್ತು ಸಲ ತೂಗಿ ಬರೆದ ಪಟ್ಟಿಯಲ್ಲಿ 39.8, 40.3, 40.1, 39.9, 40.4 ಸೆಕೆಂಡು ಎಂದು ಅಂಕುಡೊಂಕಾಗಿದ್ದರೆ ತೀರ್ಪುಗಾರರು ಕಣ್ಣು ಮುಚ್ಚಿ ಅಂಕ ಕೊಡಬಹುದು. ಐದು ಸಲವೂ 40.1 ಎಂದೇ ಇದ್ದರೆ, ಅಪ್ಪ ಯಾವ ಕಿಟಕಿಯ ಹೊರಗೆ ನಿಂತಿದ್ದಾನೆ ಎಂದು ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು.