“ನೀರು ಕುಡಿಸ್ರೀ” ಎಂದು ಕೂಗುವ ಮಹನೀಯರಿಗೆ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ವಿಳಾಸವೂ ಇಲ್ಲ. ಆದರೆ ರಾಜ್ಯದ ಯಾವ ಸರ್ಕಲ್ಲಿನಲ್ಲಿ ಯಾರೇ ಬೈಕಿನಿಂದ ಬೀಳಲಿ, ಯಾವ ಛತ್ರದಲ್ಲಿ ಯಾರಿಗೇ ತಲೆಸುತ್ತು ಬರಲಿ, ಆಂಬುಲೆನ್ಸಿಗಿಂತ ಮೊದಲು, ಪೊಲೀಸರಿಗಿಂತ ಮೊದಲು, ಕೆಲವೊಮ್ಮೆ ಬೀಳುವವನು ಪೂರ್ತಿ ನೆಲ ಮುಟ್ಟುವುದಕ್ಕಿಂತಲೂ ಮೊದಲು ನೀವು ಅಲ್ಲಿರುತ್ತೀರಿ. ಗುಂಪಿನ ಹಿಂದಿನಿಂದ ದನಿ ಏಳುತ್ತದೆ: “ಏಯ್, ಮೊದ್ಲು ನೀರು ಕುಡಿಸ್ರೀ!” ಮಂಗಳೂರಿನಲ್ಲಾದರೆ “ಸ್ವಲ್ಪ ನೀರು ಕೊಡಿ ಮಾರಾಯ್ರೆ”, ಹುಬ್ಬಳ್ಳಿಯಲ್ಲಾದರೆ “ಮೊದ್ಲ ನೀರ್ ಕುಡಸ್ರಿ ಅವಂಗ”. ಏಕೀಕರಣ ಆದದ್ದು 1956ರಲ್ಲಿ ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ನಾಡು ಅದಕ್ಕೂ ಮೊದಲೇ ಒಂದಾಗಿತ್ತು.

ನಿಮ್ಮ ಆಜ್ಞೆ ಹೊರಟಿತೆಂದರೆ ಯಾರದೋ ಬ್ಯಾಗಿನಿಂದ ಅರ್ಧ ಕುಡಿದ ಬಾಟಲಿ ಹೊರಬರುತ್ತದೆ. ಒಬ್ಬರು ಬಿದ್ದವನ ತಲೆ ಎತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ದವಡೆ ಒತ್ತಿ ಬಾಯಿ ಬಿಡಿಸುತ್ತಾರೆ, ಮೂರನೆಯವರು ಸುರಿಯುತ್ತಾರೆ, ನಾಲ್ಕನೆಯವರು ವಿಡಿಯೋ ಮಾಡುತ್ತಾರೆ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಹಂಚಿಕೊಳ್ಳುವುದನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಒಂದು ಸಣ್ಣ ತೊಡಕಿದೆ, ಹೇಳಲು ಸಂಕೋಚವಾಗುತ್ತದೆ. ಗಂಟಲಿನಲ್ಲಿ ಅನ್ನಕ್ಕೊಂದು ದಾರಿ, ಗಾಳಿಗೊಂದು ದಾರಿ. ನುಂಗುವಾಗ ಒಂದು ಪುಟ್ಟ ಮುಚ್ಚಳ ಗಾಳಿಯ ದಾರಿಯನ್ನು ಮುಚ್ಚಿಕೊಳ್ಳುತ್ತದೆ. ತಪ್ಪಿ ಒಂದು ತೊಟ್ಟು ಅತ್ತ ಇಳಿದರೆ ಕೆಮ್ಮು ಬಂದು ಅದನ್ನು ಆಚೆ ತಳ್ಳುತ್ತದೆ. ಪ್ರಜ್ಞೆ ತಪ್ಪಿದವನಲ್ಲಿ ಈ ಎರಡು ಕಾವಲೂ ಮಲಗಿರುತ್ತವೆ. ಆಗ ಸುರಿದ ನೀರು ಶ್ವಾಸಕೋಶಕ್ಕೇ ಇಳಿಯಬಹುದು. ಟಾರು ರಸ್ತೆಯ ಮೇಲೆ ಮಲಗಿದವನನ್ನು ಕೆರೆಗೆ ಬಿದ್ದವನ ಸ್ಥಿತಿಗೆ ತರುವುದು, ಅದೂ ಅರ್ಧ ಲೀಟರಿನಲ್ಲಿ, ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಕೊನೆಗಾಲದಲ್ಲಿ ಬಾಯಿಗೆ ಎರಡು ಹನಿ ನೀರು ಬಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ನೀವು ಅದರ ಕ್ರಮವನ್ನು ತುಸು ಬದಲಿಸಿದ್ದೀರಿ, ಅಷ್ಟೇ: ಮೊದಲು ನೀರು, ಕೊನೆಗಾಲ ಆಮೇಲೆ.

“ಎಚ್ಚರ ಇರೋರಿಗಾದ್ರೂ ಕೊಡಬಹುದಲ್ಲ?” ಎನ್ನುತ್ತೀರಿ. ಜೋರಾಗಿ ಪೆಟ್ಟಾದವನನ್ನು ಇನ್ನೊಂದು ಗಂಟೆಯಲ್ಲಿ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸಬೇಕಾಗಬಹುದು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಮತ್ತದೇ ಗಾಳಿಯ ದಾರಿ ಹಿಡಿಯಬಹುದು. ಬಾಯಾರಿಕೆ ಎಂದು ಗೋಗರೆದರೂ ತುಟಿ ಒದ್ದೆ ಮಾಡಿದರೆ ಸಾಕು.

ಫಿಟ್ಸ್ ವಿಷಯದಲ್ಲಿ ಮಾತ್ರ ನಿಮಗೊಬ್ಬ ಪ್ರತಿಸ್ಪರ್ಧಿ ಇದ್ದಾನೆ, ಬಿದ್ದವನ ಅಂಗೈಗೆ ಕಬ್ಬಿಣದ ಕೀಲಿಗೊಂಚಲು ತುರುಕುವವನು. ಹೆಚ್ಚಿನ ಫಿಟ್ಸ್ ಎರಡು-ಮೂರು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ, ಆ ಹೊತ್ತಿಗೆ ಅಂಗೈಯಲ್ಲಿದ್ದ ಗೋದ್ರೇಜ್ ಕೀಲಿಗೆ ಕೀರ್ತಿ ಸಲ್ಲುತ್ತದೆ. ಆದರೂ ಕೀಲಿ ಯಾರ ಶ್ವಾಸಕೋಶಕ್ಕೂ ಇಳಿಯುವುದಿಲ್ಲ. ಆ ಮಟ್ಟಿಗೆ ನಿಮಗಿಂತ ಅವನೇ ವಾಸಿ.

ನನಗೆ ನಿಜಕ್ಕೂ ಅರ್ಥವಾಗದ್ದು ಇದಲ್ಲ. ನೀರಿನ ಮೇಲೆ ಇಷ್ಟು ಭಕ್ತಿ ಇಟ್ಟುಕೊಂಡ ನೀವು, ನೀರು ಬೇಕೇಬೇಕಾದ ಕಡೆ ಅದನ್ನು ಮುಟ್ಟಗೊಡುವುದೇ ಇಲ್ಲವಲ್ಲ!

ಬಜ್ಜಿ ಕರಿಯುವಾಗ ಎಣ್ಣೆ ಕೈಗೆ ಹಾರಿತು ಅನ್ನಿ. ಪಾತ್ರೆ ದೂರ ಸರಿದರೂ ಚರ್ಮದೊಳಗೆ ಹೊಕ್ಕ ಬಿಸಿ ಒಳಗೊಳಗೇ ಸುಡುತ್ತಿರುತ್ತದೆ. ಅದನ್ನು ಎಳೆದುಕೊಳ್ಳಲು ಹರಿಯುವ ನಲ್ಲಿ ನೀರಿಗಿಂತ ಒಳ್ಳೆಯ ಮದ್ದು ಇನ್ನೂ ಬಂದಿಲ್ಲ. 20 ನಿಮಿಷ ಹಿಡಿಯಬೇಕು. ಸುಟ್ಟು ಮೂರು ಗಂಟೆಯೊಳಗೆ ಹಿಡಿದರೂ ಪ್ರಯೋಜನವಿದೆ. ಊದಿಕೊಳ್ಳುವ ಮೊದಲೇ ಬಳೆ, ಉಂಗುರ ತೆಗೆಯಬೇಕು, ಆಮೇಲೆ ಶುಭ್ರ ಬಟ್ಟೆ ಮುಚ್ಚಿ ಡಾಕ್ಟರ ಬಳಿ ಹೋಗಬೇಕು. ಇಷ್ಟೇ. ಆದರೆ ಅಡುಗೆಮನೆಗೆ ಓಡಿ ಬರುವ ನಿಮ್ಮ ಬಾಯಲ್ಲಿ ನೀರಿನ ಸುದ್ದಿಯೇ ಇಲ್ಲ. “ಪೇಸ್ಟ್ ಹಚ್ಚಿ! ಇಂಕ್ ಹಾಕಿ! ನೀರು ತಾಗಿಸಬೇಡಿ, ಬೊಬ್ಬೆ ಬರುತ್ತೆ!” ಕೆಲವರು ದೋಸೆ ಹಿಟ್ಟನ್ನೂ ಹುಯ್ಯುತ್ತಾರೆ, ಕಾವಲಿ ಕಾದಿದೆಯೋ ಎಂದು ನೋಡುವವರ ಹಾಗೆ. ಆಸ್ಪತ್ರೆಯಲ್ಲಿ ಇದನ್ನೆಲ್ಲ ಕೆರೆದು ತೆಗೆದ ಮೇಲಷ್ಟೇ ಗಾಯ ಎಷ್ಟು ಆಳ ಎಂಬುದು ಕಾಣುತ್ತದೆ. ಕೆರೆಯುವಾಗ ಅಲ್ಲಿ ಕೂಗುವವರು ನೀವಲ್ಲ.

ನಾಯಿ ಕಚ್ಚಿದಾಗಲೂ ಇದೇ ಕಥೆ. ರೇಬೀಸ್ ವೈರಾಣುವಿಗೆ ಹೊರಗೊಂದು ಕೊಬ್ಬಿನ ಪದರವಿದೆ. ಎಣ್ಣೆ ಪಾತ್ರೆಯ ಜಿಡ್ಡು ಬಿಡಿಸುವ ಸಾಬೂನು ಅದನ್ನೂ ಒಡೆಯುತ್ತದೆ. ಆದ್ದರಿಂದ ಸಾಬೂನು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಲಸಿಕೆಗೆ ಹೋಗಬೇಕು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಇಂಥ ಹೊತ್ತಿನಲ್ಲಿ ನೀವು ತರುವುದು ಖಾರದಪುಡಿ ಮತ್ತು ಸುಣ್ಣ. “ನೀರು ಬಿದ್ರೆ ನಂಜಾಗುತ್ತೆ” ಎಂಬ ಎಚ್ಚರಿಕೆ ಬೇರೆ. ಜೊತೆಗೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೆಯ ಕಥೆ ಹೇಳಿ ಹುಡುಗನನ್ನು ಹೆದರಿಸುತ್ತೀರಿ. ಸ್ವಾಮಿ, ಆ ಇಂಜೆಕ್ಷನ್ ಹೊಕ್ಕುಳ ಬಿಟ್ಟು ತೋಳಿಗೆ ಬಂದು ಎಷ್ಟೋ ವರ್ಷವಾಯಿತು.

ಇನ್ನು ವಾಂತಿಭೇದಿ. ಮಗು ಬಾಡಿದ ಸೊಪ್ಪಿನಂತಾಗಿದ್ದರೂ ಅಲ್ಲಿ ನಿಮ್ಮ ಫರ್ಮಾನು: “ನೀರು ಕೊಡಬೇಡಿ, ಇನ್ನೂ ಜಾಸ್ತಿ ಆಗುತ್ತೆ.” ನಿಮ್ಮ ಹಾಗೆಯೇ “ನೀರು ಕುಡಿಸಿ” ಎಂದ ಡಾಕ್ಟರೊಬ್ಬರಿದ್ದರು, ದಿಲೀಪ್ ಮಹಾಲನಬಿಸ್ ಎಂದು. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಅವರು ಉಪ್ಪು, ಗ್ಲೂಕೋಸು ಮತ್ತು ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಸಮಮಟ್ಟದಲ್ಲಿ: ಪ್ಯಾಕೆಟ್ ಸಿಗದ ಕಡೆ ಇಷ್ಟು ಸಾಕು. ಮಹಾಲನಬಿಸರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಬಂತು. ನಿಮ್ಮ ನೀರಿಗೂ ಅವರ ನೀರಿಗೂ ಇದ್ದ ವ್ಯತ್ಯಾಸ ಒಂದೇ. ಅವರದನ್ನು ಕುಡಿಯುತ್ತಿದ್ದವರಿಗೆ ಎಚ್ಚರವಿತ್ತು.

ನಿಮ್ಮನ್ನು ಪೂರ್ತಿ ಬೈಯಲೂ ಮನಸ್ಸು ಬರುವುದಿಲ್ಲ. ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದರೆ “ಗುದ್ದಿದ್ದು ನೀನೇ ಇರಬೇಕು” ಎನ್ನುತ್ತಾರೆ, ಠಾಣೆಗೆ ಅಲೆಸುತ್ತಾರೆ, ಸಾಕ್ಷಿಗೆ ಕರೆಯುತ್ತಾರೆ ಎಂಬ ಭಯ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ನೀರು ಕುಡಿಸಿದವನನ್ನು ಮಾತ್ರ ಯಾರೂ ಕೋರ್ಟಿಗೆ ಕರೆದದ್ದಿಲ್ಲ. ಒಂದು ಬಾಟಲಿ ನೀರಿಗೆ ಪುಣ್ಯವೂ ಆಯಿತು, ಕೈಯೂ ತೊಳೆದುಕೊಂಡಂತಾಯಿತು. ಆದರೆ ಸುಪ್ರೀಂ ಕೋರ್ಟು 2016ರಲ್ಲೇ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವನ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳು ಎಂದು ಬಲವಂತ ಮಾಡುವಂತಿಲ್ಲ. ನಿಮ್ಮ ಹೆಸರು ಗೊತ್ತಿಲ್ಲ ಎಂದೆನಲ್ಲ, ಕಾನೂನಿಗೂ ಅದು ಬೇಕಿಲ್ಲ.

ಹಾಗಾಗಿ ಆ ದೊಡ್ಡ ಗಂಟಲಿಗೆ ಬೇರೆ ಕೆಲಸ ಕೊಡೋಣ. ಮೊದಲು ಹಿಂದಿನಿಂದ ಬರುವ ಲಾರಿಗೆ ಕೈ ಅಡ್ಡ ಮಾಡಿಸಿ, ಇಲ್ಲದಿದ್ದರೆ ಬಿದ್ದವರ ಪಟ್ಟಿಗೆ ನೀವೂ ಸೇರುತ್ತೀರಿ. “ಯಾರಾದ್ರೂ ಫೋನ್ ಮಾಡ್ರಪ್ಪಾ” ಎಂದರೆ ಯಾರೂ ಮಾಡುವುದಿಲ್ಲ. “ನೀಲಿ ಶರ್ಟಿನವರೇ, ನೀವು 108ಕ್ಕೆ ಮಾಡಿ” ಎಂದು ಬೆರಳು ತೋರಿಸಿ ಹೇಳಿ. ರಕ್ತ ಸುರಿಯುತ್ತಿದ್ದರೆ ಹೆಗಲ ಮೇಲಿನ ಟವೆಲ್ ಮಡಚಿ ಗಾಯಕ್ಕೆ ಒತ್ತಿ ಹಿಡಿಯಿರಿ, ಎರಡೆರಡು ನಿಮಿಷಕ್ಕೆ ತೆಗೆದು ಇಣುಕಬೇಡಿ.

ನಾನೂ ದಿನಾ ಸ್ಕೂಟರ್ ಓಡಿಸುವವನು, ಒಂದು ದಿನ ನಿಮ್ಮ ಕೈಗೆ ಸಿಕ್ಕೇನು. ಆಗ ನನ್ನ ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡು ನೋಡಿ. ಉಸಿರಿದ್ದರೆ ನಾಲ್ಕು ಜನ ಕೈಗೊಬ್ಬರು ಕಾಲಿಗೊಬ್ಬರು ಹಿಡಿದು ಆಟೋಕ್ಕೆ ತುರುಕಬೇಡಿ. ವಾಂತಿ ಬಂದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಮಗ್ಗುಲಿಗೆ ಹೊರಳಿಸಿ. ಉಸಿರಿಲ್ಲದಿದ್ದರೆ ಎದೆಯ ನಟ್ಟನಡುವೆ ಎರಡೂ ಅಂಗೈ ಇಟ್ಟು, ಐದು ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಲೇ ಇರಿ. ಪಕ್ಕೆಲುಬು ಮುರಿದರೆ ಮುರಿಯಲಿ, ಬೇಸರವಿಲ್ಲ. ಒತ್ತಿ ಒತ್ತಿ ನಿಮಗೆ ಸುಸ್ತಾಗುತ್ತದೆ, ಇನ್ನೊಬ್ಬರಿಗೆ ಜಾಗ ಬಿಡಿ. ಆ ಬಾಟಲಿ ನೀರನ್ನು ಆಗ ನೀವೇ ಕುಡಿಯಿರಿ.

ಇಂತಿ,
ನಿಮ್ಮ ದಾರಿಯಲ್ಲೇ ಓಡಾಡುವ ಒಬ್ಬ ಸವಾರ

ವಿ.ಸೂ.: ಮುಖಕ್ಕೆ ಗೋಲಿ ಸೋಡಾ ಎರಚುವುದನ್ನು ಚಿಕಿತ್ಸೆ ಎಂದುಕೊಂಡಿರುವ ನಿಮ್ಮ ಸ್ನೇಹಿತರಿಗೂ ಈ ಪತ್ರ ತೋರಿಸಿ. ಅವರಿಗೆ ಬೇರೆ ಬರೆಯುವಷ್ಟು ತಾಳ್ಮೆ ನನಗಿಲ್ಲ.