ಬಾಕಿ ರಾಯರ ಮಾತ್ರೆ ಖಾತೆ

ನಿವೃತ್ತ ಬ್ಯಾಂಕ್ ನೌಕರರಲ್ಲಿ ಒಂದು ಪಂಗಡವಿದೆ. ಕೆಲಸ ಬಿಟ್ಟು ಎಷ್ಟು ವರ್ಷವಾದರೂ ರಾತ್ರಿ ಲೆಕ್ಕ ತಾಳೆಯಾಗದೆ ಇವರಿಗೆ ಕಣ್ಣು ಮುಚ್ಚುವುದಿಲ್ಲ. ಹಾಲಿನ ಲೆಕ್ಕ, ಇಸ್ತ್ರಿಯವನ ಲೆಕ್ಕ, ಯಾರ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂಬ ಲೆಕ್ಕ. ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನಮ್ಮ ಬೀದಿಯವರಿಗೆ ಹುಡುಗರು ಇಟ್ಟ ಹೆಸರು ಬಾಕಿ ರಾಯರು.

ರಾಯರಿಗೆ ಸರ್ಪಸುತ್ತು ಆಯಿತು. ಗುಳ್ಳೆ ಒಣಗಿದರೂ ಪಕ್ಕೆಯ ಉರಿ ಹೋಗಲಿಲ್ಲ. ಬನಿಯನ್ ತಾಗಿದರೂ ‘ಹಾ’ ಎನ್ನುವ ಸ್ಥಿತಿ. ಡಾಕ್ಟರು ಗ್ಯಾಬಪೆಂಟಿನ್ ಬರೆದುಕೊಟ್ಟರು: 300 ಮಿಲಿಗ್ರಾಂ, ದಿನಕ್ಕೆ ಮೂರು ಹೊತ್ತು. ಐದಾರು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಮದ್ದು. ಹೊತ್ತು ಹೊತ್ತಿಗೆ ಬೀಳದಿದ್ದರೆ ಉರಿ ಮತ್ತೆ ಹಾಜರು.

ಮಾತ್ರೆ ತಪ್ಪುವುದು ಯಾರಿಗೂ ತಪ್ಪಿದ್ದಲ್ಲ. ಆದರೆ ರಾಯರು ತಪ್ಪಿಸುವುದಕ್ಕೂ ನಿಯಮವಿತ್ತು. ಏಕಾದಶಿಯ ದಿನ ಅವರ ವಾದ: “ಊಟದ ನಂತರ ಅಂತ ಬರೆದಿದ್ದಾರೆ. ಊಟವೇ ಇಲ್ಲದ ಮೇಲೆ ನಂತರ ಎಲ್ಲಿಂದ ಬಂತು?” ಖಾಲಿ ಹೊಟ್ಟೆಗೂ ನುಂಗಬಹುದು ಸಾರ್ ಎಂದ ಔಷಧಿ ಅಂಗಡಿ ಹುಡುಗನನ್ನು, ಅವನು ಚಿಲ್ಲರೆ ಸರಿಯಾಗಿ ಕೊಡುವುದಿಲ್ಲ ಎಂಬ ಕಾರಣಕ್ಕೆ ನಂಬಲಿಲ್ಲ. ಮಾರನೆಯ ದಿನ ನೆಂಟರ ಮದುವೆ. ಮಾತ್ರೆ ಹಾಳೆ ಮನೆಯಲ್ಲೇ ಉಳಿಯಿತು. ಸಂಜೆ ಬಂದವರೇ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ‘ಬಾಕಿ 4’. ರಾತ್ರಿಯದೂ ಸೇರಿಸಿ ಐದನ್ನೂ ಒಟ್ಟಿಗೆ ನುಂಗಿ, ‘ಚುಕ್ತಾ’ ಎಂದು ಅಡ್ಡಗೆರೆ ಎಳೆದರು. ಹೆಂಡತಿ ಹೌಹಾರಿದರೆ, “ಡಿ.ಎ. ಅರಿಯರ್ಸ್ ಒಟ್ಟಿಗೆ ಬಂದಾಗ ಬೇಡ ಅಂದಿದ್ಯಾ?” ಎಂದು ಕೇಳಿದರಂತೆ.

ಬೆಳಿಗ್ಗೆ, ಫಿಲ್ಟರ್ ಕಾಫಿ ಬಿಟ್ಟು ಬೇರೆ ಚಟವಿಲ್ಲದ ರಾಯರು ತೂರಾಡಿಕೊಂಡು ಹಾಲಿನ ಬೂತಿಗೆ ಬಂದರು. ಎರಡು ಲೈಟುಕಂಬಗಳನ್ನು ತಬ್ಬಿಕೊಂಡರು. ನೋಡಿದವರು ನೋಡದಂತಿದ್ದರು, ಬೂತಿನವನು ಮಾತ್ರ ಮೆಲ್ಲಗೆ, “ಈ ವಯಸ್ಸಲ್ಲಿ ಶುರು ಮಾಡ್ಕೊಂಡ್ರಾ ಸಾರ್?” ಎಂದ.

ಡಾಕ್ಟರು ಮೊದಲು ಬೈದು ಆಮೇಲೆ ತಿಳಿಸಿ ಹೇಳಿದರು. “ಮರೆತದ್ದು ನೆನಪಾದಾಗ ತಗೊಳ್ಳಿ. ಮುಂದಿನದರ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನ ಬಿಟ್ಟುಬಿಡಿ. ಎರಡು ಸೇರಿಸಿ ನುಂಗಬೇಡಿ.”

“ಬಿಟ್ಟುಬಿಡೋದು ಅಂದ್ರೆ, ರೈಟ್ ಆಫಾ?”

“ರೈಟ್ ಆಫ್.”

ಸರ್ವಿಸ್ಸಿನುದ್ದಕ್ಕೂ ಒಂದು ರೈಟ್ ಆಫ್‌ಗೂ ಸಹಿ ಹಾಕದವರು ರಾಯರು. ಅವರ ಮುಖ ನೋಡಿ ಡಾಕ್ಟರು ಅವರ ಭಾಷೆಗೇ ಇಳಿದರು. ಈ ಮದ್ದನ್ನು ಕರುಳು ಹೀರುವುದಕ್ಕೆ ಮಿತಿಯಿದೆ: ದಿನಕ್ಕೆ 900 ಮಿಲಿಗ್ರಾಂ ಹಂಚಿ ತೆಗೆದುಕೊಂಡರೆ ಶೇ. 60ರಷ್ಟು ಒಳಗೆ ಹೋಗುತ್ತದೆ, 2400 ಆದರೆ ಶೇ. 34ರಷ್ಟೇ. “ಡೆಪಾಸಿಟ್ ಜಾಸ್ತಿ ಆದಷ್ಟೂ ಬಡ್ಡಿ ದರ ಇಳಿಯೋ ಸ್ಕೀಮು ರಾಯರೇ. ಆದರೂ ತಲೆ ತಿರುಗಿ ಬೀಳೋದಕ್ಕೆ ಅಷ್ಟು ಸಾಕು. ಹೊರಗೆ ಹೋಗೋದು ಕಿಡ್ನಿ ಮೂಲಕ. ನಿಮ್ಮ ಕಿಡ್ನಿಗೂ ಎಪ್ಪತ್ತು ದಾಟಿದೆ.”

ಇಂಥ ಸ್ಕೀಮಿನಲ್ಲಿ ಯಾರು ಹಣ ಇಡುತ್ತಾರೆ? ಉರಿ ಸ್ವಲ್ಪ ತಗ್ಗಿದ್ದೇ ರಾಯರು ಯಾರನ್ನೂ ಕೇಳದೆ ಖಾತೆಯನ್ನೇ ಕ್ಲೋಸ್ ಮಾಡಿದರು. ನಿದ್ದೆ ಹೋಯಿತು, ಬೆವರು ಬಂತು, ಚಡಪಡಿಕೆಯಲ್ಲಿ ನಡುರಾತ್ರಿ ಎದ್ದು ಹಳೆಯ ಪಾಸ್‌ಬುಕ್ಕುಗಳನ್ನು ತಾಳೆ ನೋಡತೊಡಗಿದರು. (ಗ್ಯಾಬಪೆಂಟಿನ್‌ಗೆ ಅಮೆರಿಕದಲ್ಲಿ 1993ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮೂರ್ಛೆರೋಗಕ್ಕೆ, ಸರ್ಪಸುತ್ತಿನ ನೋವಿಗೆ 2002ರಲ್ಲಿ. ಮೂರ್ಛೆಯವರು ಹೀಗೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದು ನಗುವ ಮಾತಲ್ಲ.) ಡಾಕ್ಟರು ಈ ಸಲ ಬೈಯಲೂ ಇಲ್ಲ. ಒಂದು ಹೊತ್ತು ತಪ್ಪಿದರೆ ಹೇಳಿದಂತೆ ಮಾಡಿ, ದಿನಗಟ್ಟಲೆ ತಪ್ಪಿದರೆ ಫೋನ್ ಮಾಡಿ ಕೇಳಿ, ಮತ್ತೆ ಕಡಿಮೆಯಿಂದ ಏರಿಸಬೇಕಾಗಬಹುದು, ಬಿಡುವಾಗಲೂ ಹಂತಹಂತವಾಗಿ ಬಿಡಬೇಕು ಎಂದು ಚೀಟಿಯಲ್ಲಿ ಬರೆದು, ಚೀಟಿಯನ್ನು ರಾಯರಿಗೆ ಕೊಡದೆ ಹೆಂಡತಿಯ ಕೈಗೆ ಕೊಟ್ಟರು.

ಈಗ ಬಾಕಿಯಿಲ್ಲ. ಆದರೆ ರೈಟ್ ಆಫ್ ಆದ ಮಾತ್ರೆಗಳು ಡಬ್ಬಿಯಲ್ಲಿ ಉಳಿದಿವೆಯಲ್ಲ, ಆ ಶಿಲ್ಕು ಯಾರದು? ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಮೊನ್ನೆ ರಾಯರು ಅವನ್ನು ಕಾಗದದಲ್ಲಿ ಸುತ್ತಿ, ಮೇಲೆ ಮೊತ್ತ ಬರೆಯುತ್ತಿದ್ದರು.

“ಯಾರಿಗ್ರೀ ಅದು?”

“ನಿನ್ನ ತಮ್ಮನಿಗೆ ಕಣೆ. ಮಂಡಿ ನೋವು ಅಂತಿದ್ದ. ಅರ್ಧ ರೇಟಿಗೆ ಕೊಡ್ತೀನಿ.”

“ಇಲ್ಲಿ ಕೊಡಿ,” ಎಂದು ಆಕೆ ಪೊಟ್ಟಣ ಕಿತ್ತುಕೊಂಡರು. ರಾಯರು ರಸೀತಿ ಕೇಳಿದರು.